ಬ್ರೇಕಪ್ ಆದ ಕಲಬುರಗಿ ಹುಡುಗಿಗೆ ಕೊನೆಗೆ ಹುಡುಗ ಸಿಗಲೇಬೇಕಾ?

ಹಿಂಡಿ ಡಬ್ಬಿ

ಎಲ್ಲರಿಗೂ ನಮಸ್ಕಾರ. ಒಂದು ಹಗುರವಾದ ಪ್ರೇಮಕಥೆ ಬರೆಯುತ್ತಿದ್ದೇನೆ. ಕಾದಂಬರಿ ಅನ್ನಲು ನಾಚಿಕೆ ಆಗುತ್ತದೆ. ಆದರೆ 14 ಅಧ್ಯಾಯ ಆಗಿದೆ, ಸಣ್ಣ ಕಥೆ ಅಂದರೆ ಯಾರೂ ನಂಬುವುದಿಲ್ಲ.

ನಾಯಕಿ ಅನನ್ಯಾ. 29 ವರ್ಷ, ಕಲಬುರಗಿಯವಳು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನಾಲ್ಕು ವರ್ಷ ಜೊತೆಗಿದ್ದ ಹುಡುಗ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಕಾರು ನಿಂತಾಗ 'ನಮ್ಮಿಬ್ಬರಿಗೆ ಹೊಂದಲ್ಲ' ಅನ್ನುತ್ತಾನೆ. ಹೇಳಿದ ಮೇಲೂ ಒಂದೂಕಾಲು ಗಂಟೆ ಇಬ್ಬರೂ ಅದೇ ಕಾರಿನಲ್ಲಿ ಕೂತಿರಬೇಕು. ಇಳಿದು ಹೋಗೋಣ ಅಂದರೆ ಬಾಗಿಲಿಗೆ ಒತ್ತಿಕೊಂಡು ಬಸ್ಸು ನಿಂತಿದೆ. ಅವನು 'ಎಸಿ ಜಾಸ್ತಿ ಮಾಡ್ಲಾ?' ಅಂತ ಕೇಳುತ್ತಾನೆ. ಈ ಅಧ್ಯಾಯ ಚೆನ್ನಾಗಿ ಬಂದಿದೆ, ನಾನೇ ಹೇಳಿಕೊಳ್ಳುತ್ತೇನೆ.

ಮೇ ತಿಂಗಳಲ್ಲಿ ಮನೆಯಿಂದಲೇ ಕೆಲಸ ಅಂತ ಊರಿಗೆ ಬರುತ್ತಾಳೆ. ಮನೆಯಲ್ಲಿ ಆಯಿ, ಅಂದರೆ ಅಜ್ಜಿ, ಇದ್ದಾಳೆ. ಮಧ್ಯಾಹ್ನ ಕರೆಂಟ್ ಹೋಗುತ್ತದೆ. ಅನನ್ಯಾ ಊರಿನ 'ಅಪ್ಪನ ಕೆರೆ' ದಂಡೆಯಲ್ಲಿ ಕೂತು ಯೋಚನೆ ಮಾಡುತ್ತಾಳೆ, ಶರಣಬಸವೇಶ್ವರ ಜಾತ್ರೆಯಲ್ಲಿ ಅಲೆಯುತ್ತಾಳೆ, ಒಬ್ಬಳೇ ರೈಲು ಹತ್ತಿ ಬೀದರ್‌ಗೆ ಹೋಗುತ್ತಾಳೆ. ಅಲ್ಲಿ ಬಿದ್ರಿ ಕೆಲಸ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಚಿತ್ತಾರ ಕೂರಿಸುವ ಕೆಲಸ, ಮಾಡುವ ಹುಡುಗ ಸಿಗುತ್ತಾನೆ. ಇತ್ತ ಊರಲ್ಲಿ ದಾಲ್ ಮಿಲ್ ಮನೆಯ ಹುಡುಗನೂ ಇದ್ದಾನೆ. ಶಾಲೆಯಲ್ಲಿ ಇಬ್ಬರದೂ ಒಂದೇ ಕ್ಲಾಸು.

ನನ್ನ ತೊಂದರೆ 15ನೇ ಅಧ್ಯಾಯದ್ದು. ಅದೇ ಕೊನೆಯದು. ಬರೆಯುತ್ತಾ ಬರೆಯುತ್ತಾ ಅವಳಿಗೆ ಇಬ್ಬರೂ ಬೇಡ ಅನಿಸುತ್ತಿದೆ. ಆದರೆ ಕರಡು ಓದಿದ ಗೆಳತಿ ಬೈದಳು. 'ಇಂಥ ಕಥೆ ಓದುವವರು ಕೊನೆಗೆ ಜೋಡಿ ಆಗುತ್ತದೆ ಅನ್ನೋ ನಂಬಿಕೆ ಮೇಲೆ ಓದುತ್ತಾರೆ. ಹೋಳಿಗೆ ಊಟಕ್ಕೆ ಕರೆದು ಚಹಾ ಕುಡಿಸಿ ಕಳಿಸಬೇಡ' ಅಂದಳು. ನೀವೇನಂತೀರಿ?

ವಾಡಿ ಜಂಕ್ಷನ್

ಮೊದಲು ಒಂದು ಪ್ರಶ್ನೆ. ಮೇ ತಿಂಗಳಲ್ಲಿ ಅಪ್ಪನ ಕೆರೆ ದಂಡೆಯಲ್ಲಿ ಎಷ್ಟು ಗಂಟೆಗೆ ಕೂರುತ್ತಾಳೆ?

ಹಿಂಡಿ ಡಬ್ಬಿ

ಎರಡು ಗಂಟೆ ಹೊತ್ತಿಗೆ. ಕರೆಂಟ್ ಹೋಗಿದೆಯಲ್ಲ.

ವಾಡಿ ಜಂಕ್ಷನ್

43 ಡಿಗ್ರಿ ಬಿಸಿಲು. ಯೋಚನೆ ಮಾಡುವ ಮೊದಲೇ ಝಳ ಬಡಿದು ಬೀಳುತ್ತಾಳೆ. ಕಥೆ 5ನೇ ಅಧ್ಯಾಯಕ್ಕೇ ಮುಗಿಯಿತು, 15ರ ಚಿಂತೆ ಬಿಡಿ.

ರೊಟ್ಟಿ ಸದ್ದು

ಶರಣಬಸವೇಶ್ವರ ಅಪ್ಪನ ಜಾತ್ರೆ ಹೋಳಿ ಹುಣ್ಣಿಮೆ ಆದ ಐದನೇ ದಿನ. ಅಂದರೆ ಮಾರ್ಚ್ ಸುಮಾರಿಗೆ. ಮೇನಲ್ಲಿ ಬಂದವಳಿಗೆ ಯಾವ ತೇರು ಸಿಗುತ್ತೆ? ನೀವು ನಿಜಕ್ಕೂ ಕಲಬುರಗಿಯವರಾ?

ಹಿಂಡಿ ಡಬ್ಬಿ

ಹುಟ್ಟಿ ಬೆಳೆದದ್ದು ಇಲ್ಲೇ ಅಕ್ಕಾ. ಏಳು ವರ್ಷದಿಂದ ಹೊರಗಿದ್ದೇನೆ. ನಾಚಿಕೆ ಆಯಿತು. ತಿದ್ದುತ್ತೇನೆ.

ಮಂಡ್ಯದ ಬೆಲ್ಲ

ಜೋಡಿ ಆಗಲೇಬೇಕು ಕಣ್ರೀ. ನಾನು ದಿನವಿಡೀ ಆಫೀಸಲ್ಲಿ ತಲೆ ಕೆಡಿಸಿಕೊಂಡು ಬಂದು ರಾತ್ರಿ ಓದುವುದು. ಕೊನೆಗೆ 'ಅವಳು ಕಿಟಕಿಯಾಚೆ ನೋಡಿದಳು' ಅಂತ ಮುಗಿಸಿದರೆ ಫೋನ್ ಎಸೆಯಬೇಕು ಅನಿಸುತ್ತೆ.

ಖಣದ ಕುಪ್ಪಸ

ಹುಡುಗ ಬೇಡ. ಒಬ್ಬ ಬಿಟ್ಟು ಹೋದ ಗಾಯಕ್ಕೆ ಇನ್ನೊಬ್ಬನೇ ಮುಲಾಮು ಅಂತ ಎಷ್ಟು ದಿನ ಬರೆಯೋದು? ಹಿಂದೆ ವಾರಪತ್ರಿಕೆ ಧಾರಾವಾಹಿಗಳಲ್ಲಿ ಇದನ್ನೇ ಓದಿ ಓದಿ ಸಾಕಾಗಿದೆ. ನಾಯಕಿ ಬಸ್ಸಲ್ಲಿ ಅಳುತ್ತಾಳೆ, ಪಕ್ಕದ ಸೀಟಿನವ ಕರ್ಚೀಫು ಕೊಡುತ್ತಾನೆ, ಮುಂದಿನ ಸಂಚಿಕೆಗೆ ಮದುವೆ.

ಮಂಡ್ಯದ ಬೆಲ್ಲ

ಕರ್ಚೀಫು ಕೊಟ್ಟರೆ ತಪ್ಪೇನು?

ಖಣದ ಕುಪ್ಪಸ

ಒಗೆದಿದ್ದಾ ಇಲ್ವಾ ಅಂತ ಯಾವ ಧಾರಾವಾಹಿಯೂ ಹೇಳಲಿಲ್ಲ.

ಬಿದ್ರಿ ಬಿಡದವ

ನಾನು ಬೀದರ್‌ನವನು. ನಮ್ಮ ಮನೆಯಲ್ಲಿ ಯಾರೂ ಬಿದ್ರಿ ಮಾಡುವುದಿಲ್ಲ, ಆದರೆ ನಮ್ಮ ಓಣಿಯಲ್ಲಿ ದಿನಾ ಸುತ್ತಿಗೆ ಸದ್ದು ಕೇಳಿಯೇ ಬೆಳೆದೆ. ನಿಮ್ಮ ಹುಡುಗ ಮೊದಲ ಸಲ ಕಾಣಿಸುವ ಭಾಗ ಹಾಕುತ್ತೀರಾ? ಸುಮ್ನೆ ಒಂದು ಕಣ್ಣು ಹಾಯಿಸುತ್ತೇನೆ.

ಹಿಂಡಿ ಡಬ್ಬಿ

'ಅವನು ಹೂದಾನಿಗೆ ಕಪ್ಪು ಬಣ್ಣ ಬಳಿಯುತ್ತಿದ್ದ. ಕುಂಚ ಹಿಡಿದ ಬೆರಳು ನಿಂತಿತು. ಕಣ್ಣೆತ್ತಿ ನೋಡಿದ.' ಇಷ್ಟೇ ಹಾಕುತ್ತೇನೆ, ಮುಂದಿನದು ನಾಚಿಕೆ.

ಬಿದ್ರಿ ಬಿಡದವ

ಅಯ್ಯೋ. ಕುಂಚ ಇಲ್ಲ, ಬಣ್ಣವೂ ಇಲ್ಲ. ಹೇಳುತ್ತೇನೆ ಕೇಳಿ.

ಬಿದ್ರಿ ಅಂದರೆ ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿದ ಲೋಹ. ಸುಮಾರು 16 ಪಾಲು ಸತು, 1 ಪಾಲು ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಆಗ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಅದರ ಮೇಲೆ ಗೀಚಿದ ಚಿತ್ತಾರ ಕಣ್ಣಿಗೆ ಕಾಣಲಿ ಅಂತ. ಆ ಗೆರೆಗಳನ್ನು ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜುತ್ತಾರೆ. ಈ ಹಂತದಲ್ಲಿ ನೋಡಿದರೆ ಏನೂ ಚೆಂದ ಇರುವುದಿಲ್ಲ. ಎಲ್ಲ ಬೂದಿ ಬೂದಿ, ಬೆಳ್ಳಿ ಎಲ್ಲಿದೆ ಅಂತಲೇ ತಿಳಿಯದು.

ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ನೀರಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಲೋಹ ಕಡುಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಆಮೇಲೆ ಎಣ್ಣೆ ಸವರಿ ಒರೆಸುತ್ತಾರೆ.

ಇನ್ನೊಂದು ಮಾತು. ಆ ಮಣ್ಣನ್ನು ನಾಲಿಗೆ ಮೇಲಿಟ್ಟು ರುಚಿ ನೋಡಿ ಆರಿಸುವ ಕುಶಲಕರ್ಮಿಗಳಿದ್ದಾರೆ.

ವಾಡಿ ಜಂಕ್ಷನ್

ಅಂದರೆ ಮೊದಲ ಭೇಟಿಯಲ್ಲಿ ಹುಡುಗ ಮಣ್ಣು ತಿನ್ನುತ್ತಾ ಕೂತಿರಬೇಕು. ಇದಕ್ಕಿಂತ ಒಳ್ಳೆ ಪ್ರೇಮಕಥೆ ನಾನು ಓದಿಲ್ಲ.

ಹಿಂಡಿ ಡಬ್ಬಿ

ನಗುತ್ತಾ ಚಹಾ ಚೆಲ್ಲಿಕೊಂಡೆ. ಇದು ಕಥೆಗೆ ಹೋಗುತ್ತದೆ. ಆಯಿ ಕೇಳುತ್ತಾಳೆ, 'ಹುಡುಗ ಏನ್ ತಿಂತಾನ?' ಅಂತ.

ಸುರಪುರ ಸೀಮೆ

ಒಂದು ವಿನಂತಿ. 'ಅವಳ ಬದುಕೂ ಬಿದ್ರಿಯಂತೆ, ಬಿಸಿ ತಾಗಿದ ಮೇಲೆಯೇ ಬೆಳ್ಳಿ ಹೊಳೆಯಿತು' ಅಂತ ಬರೆಯಬೇಡಿ. ಬೀದರ್ ಮೇಲೆ ಬರೆದ ಪ್ರತಿಯೊಬ್ಬರೂ ಅದನ್ನೇ ಬರೆಯುತ್ತಾರೆ.

ಹಿಂಡಿ ಡಬ್ಬಿ

ಈಗಷ್ಟೇ ಒಂದು ಪ್ಯಾರಾ ಅಳಿಸಿದೆ. ಯಾವುದು ಅಂತ ಕೇಳಬೇಡಿ.

ಬೇಳೆ ಬೆಂದಿದೆ

ದಾಲ್ ಮಿಲ್ ಹುಡುಗನ ಪರ ಯಾರೂ ಮಾತಾಡುತ್ತಿಲ್ಲವಲ್ಲ! ನಮ್ಮದೂ ದಾಲ್ ಮಿಲ್ ಮನೆ. ಬಿದ್ರಿಗೆ ಮಾತ್ರ ಜಿಐ ಟ್ಯಾಗ್ ಇದೆಯಾ? ನಮ್ಮ ತೊಗರಿ ಬೇಳೆಗೂ 2019ರಲ್ಲಿ ಸಿಕ್ಕಿದೆ. ತೊಗರಿಗೆ ಎಣ್ಣೆ ಹಚ್ಚಿ, ಒಣಗಿಸಿ, ಸಿಪ್ಪೆ ಬಿಡಿಸಿ, ಒಡೆದು ಬೇಳೆ ಮಾಡುವುದೂ ಒಂದು ಕಲೆಯೇ. ನಮ್ಮವರ ಬಗ್ಗೆ ಬರೆಯುವಾಗ ಯಾವಾಗಲೂ ದಪ್ಪ ಹೊಟ್ಟೆ, ಬಂಗಾರದ ಉಂಗುರ. ನಾನು 61 ಕೆಜಿ ಇದ್ದೇನೆ.

ಮಂಡ್ಯದ ಬೆಲ್ಲ

ನಾನು ದಾಲ್ ಮಿಲ್ ಪಾರ್ಟಿ. ಹಳೆ ಕ್ಲಾಸ್‌ಮೇಟ್ ಅಂದರೆ ಅರ್ಧ ಕಥೆ ಆಗಲೇ ಆಗಿದೆ.

ಬಿದ್ರಿ ಬಿಡದವ

ನಾನು ಬಿದ್ರಿ ಪಾರ್ಟಿ ಅಂತ ಬೇರೆ ಹೇಳಬೇಕಾ?

ಖಣದ ಕುಪ್ಪಸ

ಯಾರೂ ಬೇಡ ಪಾರ್ಟಿ. ಸದ್ಯಕ್ಕೆ ನಾನೊಬ್ಬಳೇ ಸದಸ್ಯೆ.

ರೊಟ್ಟಿ ಸದ್ದು

ಪಾರ್ಟಿ ಆಮೇಲೆ. ಹೆಸರು ನೋಡಿ. ಕಲಬುರಗಿ ಹುಡುಗಿ ಹೆಸರು ಅನನ್ಯಾನಾ? ಶರಣಮ್ಮ, ಮಹಾದೇವಿ, ಭಾಗ್ಯಶ್ರೀ ಎಲ್ಲ ಖಾಲಿ ಆದವಾ?

ತಹರಿ ಭಕ್ತ

ನನ್ನ ತಂಗಿ ಹೆಸರೇ ಅನನ್ಯಾ. ಹುಟ್ಟಿದ್ದು ಸೇಡಂ ರೋಡ್‌ನ ಆಸ್ಪತ್ರೆಯಲ್ಲಿ. ವಾಪಸ್ ಕಳಿಸಲಾ?

ರೊಟ್ಟಿ ಸದ್ದು

ಮನೆಯಲ್ಲಿ ಏನಂತ ಕರೆಯುತ್ತೀರಿ?

ತಹರಿ ಭಕ್ತ

...ಅಂಬವ್ವ. ಅಜ್ಜಿ ಹೆಸರು.

ರೊಟ್ಟಿ ಸದ್ದು

ಅದೇ ನಾನು ಹೇಳಿದ್ದು.

ಹಿಂಡಿ ಡಬ್ಬಿ

ಇದು ಬೇಸ್ (ಚೆನ್ನಾಗಿ) ಆಯಿತು. ದಾಖಲೆಯಲ್ಲಿ ಅನನ್ಯಾ, ಆಯಿ ಬಾಯಲ್ಲಿ ಬೇರೆ ಹೆಸರು. ತಗೊಂಡೆ.

ಶಹಾಪುರದ ಟೀಚರ್

ತಡವಾಗಿ ಬಂದೆ, ಎಲ್ಲ ಓದಿದೆ. ಹಿಂಡಿ ಡಬ್ಬಿಯವರೇ, ನನ್ನದು ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹುಡುಗ ಬೇಕಾ ಬೇಡವಾ ಅನ್ನುವುದು ನಿಮ್ಮ ತೊಂದರೆ ಅಲ್ಲ ಅನಿಸುತ್ತೆ. ನೀವು ಹೇಳಿದ ಕಥೆಯಲ್ಲಿ ಅವಳು ಕೆರೆಗೆ ಹೋಗುತ್ತಾಳೆ, ಜಾತ್ರೆಗೆ ಹೋಗುತ್ತಾಳೆ, ಬೀದರ್‌ಗೆ ಹೋಗುತ್ತಾಳೆ. ತನ್ನನ್ನು ತಾನು ಹುಡುಕುತ್ತಾಳೆ ಅಂತ ನೀವಂದುಕೊಂಡಿದ್ದೀರಿ. ಆದರೆ ಈ ಹುಡುಗ ಸಿಗುವ ಮೊದಲು ಅವಳು ಹೇಗಿದ್ದಳು? ಏನು ಇಷ್ಟ, ಯಾವುದಕ್ಕೆ ಸಿಟ್ಟು, ಹೇಗೆ ನಗುತ್ತಿದ್ದಳು? ನೀವು ಹೇಳಲೇ ಇಲ್ಲ. ಕಳೆದದ್ದು ಏನು ಅಂತ ಗೊತ್ತಿಲ್ಲದಿದ್ದರೆ ಸಿಕ್ಕಾಗ ನಮಗೆ ಗುರುತು ಹೇಗೆ ಸಿಗಬೇಕು?

ದೊಡ್ಡದೇ ಆಗಬೇಕಿಲ್ಲ. ಸಣ್ಣದು. ಅವನಿಗೆ ಹಿಡಿಸಲ್ಲ ಅಂತ ಅವಳು ಸದ್ದಿಲ್ಲದೆ ಬಿಟ್ಟ ಒಂದು ವಸ್ತು, ಒಂದು ಅಭ್ಯಾಸ.

ಖಣದ ಕುಪ್ಪಸ

ಟೀಚರ್, ನನ್ನದು ಹೇಳಲಾ? ಉಳ್ಳಾಗಡ್ಡಿ.

ಮೂರು ವರ್ಷ ಹಸಿ ಉಳ್ಳಾಗಡ್ಡಿ ಮುಟ್ಟಲಿಲ್ಲ. ಅವನಿಗೆ ವಾಸನೆ ಆಗುತ್ತಿರಲಿಲ್ಲ. ಬೇಡ ಅಂತ ಅವನೇನೂ ಹೇಳಲಿಲ್ಲ, ಮುಖ ಆ ಕಡೆ ತಿರುಗಿಸುತ್ತಿದ್ದ ಅಷ್ಟೇ. ಬಿಟ್ಟು ಹೋದ ರಾತ್ರಿ ಇಡೀ ಅತ್ತೆ. ಮರುದಿನ ಬೆಳಿಗ್ಗೆ ಅವ್ವ ಏನೂ ಕೇಳಲಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆನೆ ಮೊಸರು ಇಟ್ಟಳು. ಒಂದು ಉಳ್ಳಾಗಡ್ಡಿ ನೆಲದ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು ಕೈಗೆ ಕೊಟ್ಟಳು. ತಿನ್ನುತ್ತಾ ಮತ್ತೆ ಕಣ್ಣೀರು ಬಂತು. ಆದರೆ ಅದು ಉಳ್ಳಾಗಡ್ಡಿಯದು.

ವಾಡಿ ಜಂಕ್ಷನ್

ಹಾಕಿ ಇವರನ್ನೇ ನಾಯಕಿ.

ತಹರಿ ಭಕ್ತ

ನನ್ನದು ಉಲ್ಟಾ. ಅವಳಿಗೆ ಬೆಟ್ಟ ಹತ್ತುವ ಹುಚ್ಚು. ನಾನು 'ನನಗೂ ಇಷ್ಟ' ಅಂತ ಸುಳ್ಳು ಹೇಳಿ ಎರಡು ವರ್ಷ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಎದ್ದೆ. ಬಿಟ್ಟು ಹೋದಾಗ ಬೇಜಾರಿನ ಜೊತೆ ಸಣ್ಣ ಸಮಾಧಾನವೂ ಆಯಿತು, ಇನ್ನು ಭಾನುವಾರ ಮಲಗಬಹುದು ಅಂತ.

ಮೂರು ತಿಂಗಳಾದ ಮೇಲೆ ಕೆಲಸದ ಮೇಲೆ ಯಾದಗಿರಿಗೆ ಹೋಗಿದ್ದೆ. ಸಂಜೆ ಮಾಡಲು ಏನೂ ಇರಲಿಲ್ಲ. ಸುಮ್ನೆ ಕೋಟೆ ಹತ್ತಿದೆ. ಮೇಲೆ ಹೋಗಿ ಗಾಳಿಗೆ ನಿಂತಾಗ ಗೊತ್ತಾಯಿತು, ನನಗೆ ಬೆಟ್ಟ ಹತ್ತುವುದು ನಿಜಕ್ಕೂ ಇಷ್ಟ. ಇಷ್ಟ ಇಲ್ಲದ್ದು ನಾಲ್ಕು ಗಂಟೆಗೆ ಏಳುವುದು. ಹಾಗಾಗಿ ಅವನು ಕೊಟ್ಟದ್ದೆಲ್ಲ ನಾಯಕಿ ಕಿತ್ತೆಸೆಯಬೇಕು ಅಂತ ಬರೆಯಬೇಡಿ.

ಖಣದ ಕುಪ್ಪಸ

ಅವಳಿಗೆ ಫೋನ್ ಮಾಡಿ ಹೇಳಿದಿರಾ?

ತಹರಿ ಭಕ್ತ

ಇಲ್ಲ. ಆಗಲೇ ಅವಳ ಲಗ್ನ ಆಗಿತ್ತು. ಕೆಳಗಿಳಿದು ಊಟ ಮಾಡಿದೆ.

ಮಂಡ್ಯದ ಬೆಲ್ಲ

ತಹರಿ ಅಂದರೆ ನಮ್ಮ ಬಿರಿಯಾನಿ ಥರಾನಾ?

ತಹರಿ ಭಕ್ತ

ಈ ಪ್ರಶ್ನೆಗೆ ಬ್ರೇಕಪ್‌ಗಿಂತ ಜಾಸ್ತಿ ನೋವಾಯಿತು. ಅಲ್ಲ. ಬಿರಿಯಾನಿಯಲ್ಲಿ ಪದರ ಹಾಕಿ ದಮ್ ಕಟ್ಟುತ್ತಾರೆ. ತಹರಿಯಲ್ಲಿ ಮಾಂಸ ಅಕ್ಕಿ ಎಲ್ಲ ಒಂದೇ ಹಂಡೆಯಲ್ಲಿ, ಅರಿಶಿನದ ಬಣ್ಣ. ಕಲಬುರಗಿಗೆ ಬಂದು ತಿನ್ನಿ, ಆಮೇಲೆ ಮಾತಾಡೋಣ.

ರೊಟ್ಟಿ ಸದ್ದು

ಸಸ್ಯಾಹಾರಿಗಳು ಮಂಡಕ್ಕಿಯ ಸುಸಲಾ, ಮಿರ್ಚಿ ತಿನ್ನಲಿ. ಬೇಕಾದರೆ ಮೇಲೆ ಮಾಲ್ಪುರಿ.

ಸುರಪುರ ಸೀಮೆ

ಒಂದು ಹುಡುಗಿಯ ಬಾಳಿನ ಪ್ರಶ್ನೆ ಇಲ್ಲಿ ನಡೆಯುತ್ತಿದೆ.

ಹಿಂಡಿ ಡಬ್ಬಿ

ಟೀಚರ್ ಕೇಳಿದ ಮೇಲೆ ಎರಡು ದಿನ ಏನೂ ಬರೆಯಲಿಲ್ಲ. ಏನನ್ನು ಬಿಟ್ಟಿದ್ದಳು ಅಂತ ಯೋಚಿಸುತ್ತಿದ್ದೆ. ಅವಳು ಅಂತ ಯಾಕೆ ಹೇಳಲಿ, ನಿಮಗೆಲ್ಲ ಗೊತ್ತಾಗಿರಬಹುದು.

ವಾಡಿ ಜಂಕ್ಷನ್

ಎಸಿ ಜಾಸ್ತಿ ಮಾಡ್ಲಾ ಅಂದಾಗಲೇ ಗೊತ್ತಾಯಿತು. ಅದನ್ನೆಲ್ಲ ಯಾರೂ ಕಲ್ಪನೆ ಮಾಡುವುದಿಲ್ಲ.

ಹಿಂಡಿ ಡಬ್ಬಿ

ಹೂಂ. ಸಿಲ್ಕ್ ಬೋರ್ಡ್ ನಿಜ. ಬಿದ್ರಿ ಹುಡುಗ, ದಾಲ್ ಮಿಲ್ ಹುಡುಗ ಇಬ್ಬರೂ ಸುಳ್ಳು.

ನಾನು ಬಿಟ್ಟದ್ದು ಮಾತು. ಶುರುವಿನಲ್ಲಿ ನಾನು 'ಬರ್ಲಾಕತ್ತೀನಿ' ಅಂದರೆ ಅವನು ನಗುತ್ತಿದ್ದ. ಕೆಟ್ಟ ನಗು ಅಲ್ಲ. 'ಇನ್ನೊಂದ್ಸಲ ಹೇಳು, ಕ್ಯೂಟ್ ಆಗಿದೆ' ಅನ್ನುತ್ತಿದ್ದ. ಗೆಳೆಯರ ಮುಂದೆ ಹೇಳಿಸುತ್ತಿದ್ದ. 'ಸಿನಿಮಾ ಕಾಮಿಡಿ ಥರಾ ಇದೆ ಅಲ್ವಾ?' ಅನ್ನುತ್ತಿದ್ದ. ನಾನೂ ನಕ್ಕೆ. ಆಮೇಲೆ ಯಾವಾಗ 'ಬರ್ತಾ ಇದೀನಿ' ಆಯಿತೋ ತಿಳಿಯದು. 'ಅದ' ಹೋಗಿ 'ಇದೆ' ಬಂತು. 'ಬೇಸ್' ಹೋಯಿತು. 'ಖರೇ' ಹೋಯಿತು. ಅವ್ವ ಫೋನ್ ಮಾಡಿದರೆ ಎದ್ದು ಬಾಲ್ಕನಿಗೆ ಹೋಗುತ್ತಿದ್ದೆ. ಖಾಸಗಿ ಮಾತಿಗಲ್ಲ, ಅವನ ಮುಂದೆ ಆ ದನಿಯಲ್ಲಿ ಮಾತಾಡಬಾರದು ಅಂತ.

ಊರಿಗೆ ಬಂದಾಗ ಆಯಿ ಕೇಳಿದಳು, 'ಯಾಕವ್ವಾ, ಟಿವಿಯೊಳಗಿನವರಂಗ ಮಾತಾಡ್ಲಾಕತ್ತಿ?' ಅಂತ. ಅವತ್ತು ಅಳು ಬರಲಿಲ್ಲ. ಈಗ ಟೈಪ್ ಮಾಡುವಾಗ ಬಂತು.

ಖಣದ ಕುಪ್ಪಸ

ಯವ್ವಾ. ಇಲ್ಲಿ ಬಾ, ಒಂದು ಉಳ್ಳಾಗಡ್ಡಿ ಗುದ್ದಿ ಕೊಡುತ್ತೇನೆ.

ಮಂಡ್ಯದ ಬೆಲ್ಲ

ನಾನು ದಕ್ಷಿಣದವನಾಗಿ ಹೇಳುತ್ತೇನೆ. ನನ್ನನ್ನೂ ಬೆಂಗಳೂರಲ್ಲಿ ಹೀಗೇ ಆಡಿಕೊಂಡಿದ್ದಾರೆ. ನಾನು 'ಹೋಯ್ತಾವ್ನೆ' ಅಂದಾಗ ಆಫೀಸಲ್ಲಿ ಮೂರು ದಿನ ಅದೇ ಜೋಕು. ಹಾಗಾಗಿ ಇದು ನಿಮ್ಮ ಕಡೆಯವರ ಕಷ್ಟ ಮಾತ್ರ ಅಂದುಕೊಳ್ಳಬೇಡಿ.

ಸುರಪುರ ಸೀಮೆ

ಒಂದು ವಿಷಯ ಗಮನಿಸಿದಿರಾ? ಇಲ್ಲಿ ಬರೆಯುತ್ತಿರುವ ಮುಕ್ಕಾಲು ಜನ ಕಲಬುರಗಿ, ಬೀದರ್, ಯಾದಗಿರಿಯವರು. ಆದರೆ ನಾವೆಲ್ಲ ಯಾವ ಕನ್ನಡದಲ್ಲಿ ಬರೆಯುತ್ತಿದ್ದೇವೆ? ಯಾವ ಹುಡುಗನೂ ನಕ್ಕಿಲ್ಲ, ಆದರೂ.

ರೊಟ್ಟಿ ಸದ್ದು

ಬರೆಯೋದೇ ಬೇರೆ, ಮಾತೇ ಬೇರೆ. ಶಾಲೆಯಲ್ಲಿ ಹಾಗೇ ಕಲಿತದ್ದು. ಎಲ್ಲದಕ್ಕೂ ಅಪಮಾನ ಅಂದುಕೊಂಡರೆ ಹೇಗೆ?

ತಹರಿ ಭಕ್ತ

ನಮ್ಮ ಮಾತನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ ಬಂದದ್ದೇ ಮಳಖೇಡದ ಆಸ್ಥಾನದಿಂದ, 9ನೇ ಶತಮಾನದಲ್ಲಿ. ಮಳಖೇಡ ಎಲ್ಲಿದೆ? ನಮ್ಮ ಸೇಡಂ ತಾಲೂಕಲ್ಲಿ. ಅಸಲಿ ಕನ್ನಡ ನಮ್ಮದೇ.

ಹಳಗನ್ನಡ ಮೇಷ್ಟ್ರು

ಖುಷಿಯಾಯಿತು, ಆದರೆ ಪೂರ್ತಿ ಹೇಳಬೇಕು. ಅದೇ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಅನ್ನುತ್ತದೆ. ಅಂದರೆ ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದದ ನಡುವಿನ ಸೀಮೆ. ರಾಜಧಾನಿಯಲ್ಲಿ ಕೂತು ಬರೆದವರು ರಾಜಧಾನಿಯ ಹೆಸರನ್ನೇ ಆ ಪಟ್ಟಿಯಲ್ಲಿ ಹಾಕಲಿಲ್ಲ.

ವಾಡಿ ಜಂಕ್ಷನ್

ಸಾವಿರದ ನೂರು ವರ್ಷದ ಹಿಂದೆಯೂ ರಾಜಧಾನಿಯ ಕನ್ನಡ ಸರಿಯಿಲ್ಲ ಅಂದವರಿದ್ದರು ಅಂತಾಯಿತು. ಬೆಂಗಳೂರಿನವರಿಗೆ ತೋರಿಸಿ.

ಹಳಗನ್ನಡ ಮೇಷ್ಟ್ರು

ಹಾಗಂತ ನಾನು ಹೇಳಲಿಲ್ಲ. ಆದರೆ ನಕ್ಕೆ.

ತಹರಿ ಭಕ್ತ

ಮೇಷ್ಟ್ರೇ, ನನ್ನ ವಾದ ಕೆಡಿಸಿದಿರಿ.

ಶಹಾಪುರದ ಟೀಚರ್

ಅವಳ ಮಾತು ಅಸಲಿ ಅಂತ ತೋರಿಸಲು ಒಂಬತ್ತನೇ ಶತಮಾನ ಯಾಕೆ ಬೇಕು? ಆಯಿಗೆ ಅರ್ಥವಾದರೆ ಸಾಕಲ್ಲ.

ಹಿಂಡಿ ಡಬ್ಬಿಯವರೇ, ಈಗ ನಿಮ್ಮ ಕಥೆ ಸಿಕ್ಕಿದೆ. ಅವಳು ಊರಿಗೆ ಬಂದಿಳಿದಾಗ ಏನಾಗುತ್ತದೆ, ಹೇಳಿ.

ಹಿಂಡಿ ಡಬ್ಬಿ

4ನೇ ಅಧ್ಯಾಯ. ಸ್ಟೇಷನ್ ಹೊರಗೆ ಆಟೋದವನು ಇನ್ನೂರು ಕೇಳುತ್ತಾನೆ. ಅವಳು ತುಟಿ ಪಿಟಕ್ ಅನ್ನದೆ ಕೊಡುತ್ತಾಳೆ. ದುಃಖದಲ್ಲಿದ್ದಾಳೆ ಅಂತ ತೋರಿಸಲು ಹಾಗೆ ಬರೆದಿದ್ದೆ.

ಶಹಾಪುರದ ಟೀಚರ್

ಅದನ್ನು ಹಾಗೇ ಇರಿಸಿ. ಅದೇ ಜಾಗಕ್ಕೆ ಅವಳನ್ನು ಇನ್ನೊಂದು ಸಲ ಕರೆದುಕೊಂಡು ಬನ್ನಿ.

ಬಿದ್ರಿ ಬಿಡದವ

ಬೀದರ್‌ನಿಂದ ವಾಪಸ್ ರೈಲಲ್ಲಿ ಬರುತ್ತಾಳಲ್ಲ! ಹುಮನಾಬಾದ್, ಕಮಲಾಪುರ ದಾಟಿ ಬರುವ ರೈಲು. ಮೊದಲು ಬಸ್ಸೇ ಗತಿ ಇತ್ತು, 2017ರಿಂದ ರೈಲು ಓಡುತ್ತಿದೆ. ದಾರಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ತಿನ್ನಿಸಿ.

ಅಂದಹಾಗೆ ಬೀದರ್‌ನಲ್ಲಿ ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗಿದ್ದೀರಿ?

ಹಿಂಡಿ ಡಬ್ಬಿ

ನರಸಿಂಹ ಝರಣಿ. ಬಿಳಿ ಸೀರೆಯಲ್ಲಿ.

ಬಿದ್ರಿ ಬಿಡದವ

ಗುಹೆಯೊಳಗೆ ಎದೆ ಮಟ್ಟ ನೀರು. ಮೇಲೆ ಬಾವಲಿ. ಮುಂದೆ ಮಗುವನ್ನು ಹೆಗಲ ಮೇಲೆ ಹೊತ್ತ ಅಪ್ಪ, ಹಿಂದೆ 'ನಡೀರಿ ನಡೀರಿ' ಅಂತ ತಳ್ಳುವ ಅಜ್ಜಿ. ಬಿಳಿ ಸೀರೆ ಬಿಡಿ. ಅಷ್ಟೂರಿಗೆ ಕಳಿಸಿ, ಸಂಜೆ ಬಹಮನಿ ಗೋರಿಗಳ ಹತ್ತಿರ ಚೆಂದ ಇರುತ್ತದೆ.

ಖಣದ ಕುಪ್ಪಸ

ಬ್ರೇಕಪ್ ಆದವಳನ್ನು ಗೋರಿ ತೋರಿಸಲು ಕರೆದುಕೊಂಡು ಹೋಗೋದು! ಬಾವಲಿಯೇ ಇರಲಿ. ಜನ ತಳ್ಳುತ್ತಿದ್ದರೆ ಅಳಲು ಪುರುಸೊತ್ತು ಇರುವುದಿಲ್ಲ.

ಹಿಂಡಿ ಡಬ್ಬಿ

ಬಾವಲಿ ಇರುತ್ತದೆ. ಸೀರೆ ಹೋಗಿ ಚೂಡಿದಾರ ಬಂತು.

ಕೊನೆಯ ಅಧ್ಯಾಯದ ಒಂದು ತುಣುಕು ಹಾಕುತ್ತಿದ್ದೇನೆ. ಮೊನ್ನೆ ರಾತ್ರಿ ಒಂದೇ ಏಟಿಗೆ ಬರೆದದ್ದು. ಬೈಯಿರಿ, ಪರವಾಗಿಲ್ಲ.

ಸ್ಟೇಷನ್ ಹೊರಗೆ ಅದೇ ಬೇವಿನ ಗಿಡ, ಅದೇ ಸಾಲು ಆಟೋ. ಚೂಡಿದಾರ ಇನ್ನೂ ಅರ್ಧ ಹಸಿ, ಚಪ್ಪಲಿಯಲ್ಲಿ ಝರಣಿಯ ನೀರು. ಕೈಯಲ್ಲಿ ಆಯಿಗೆ ತಂದ ಬಾಳೆಹಣ್ಣು.

'ಎಲ್ಲಿಗ್ರಿ ಮೇಡಂ?'

'ಸೂಪರ್ ಮಾರ್ಕೆಟ್. ಎಷ್ಟಾಗುತ್ತೆ?'

'ಇನ್ನೂರು ಕೊಡ್ರಿ.'

'ಇನ್ನೂರಾ? ಏನಣ್ಣಾ, ಹೊಸಾಕಿ ಅಂತ ತಿಳದೀ ಏನ್? ನಾ ಇದೇ ಊರಾಕಿ ಇದ್ದೀನಿ. ಸಣ್ಣಾಕಿದ್ದಾಗಿಂದ ಈ ರೋಡ್ ನೋಡ್ಲಾಕತ್ತೀನಿ. ಅರವತ್ತು ಕೊಡ್ತೀನಿ. ಬರಂಗಿದ್ರ ಬಾ, ಇಲ್ಲಂದ್ರ ನಡಕೋತ ಹೋಗ್ತೀನಿ!'

ಆಟೋದವನು ಅವಳನ್ನು ನೋಡಿದ. ಬಾಳೆಹಣ್ಣು ನೋಡಿದ. ನಕ್ಕ.

'ಅರೇ ಅಕ್ಕಾ, ಊರಾಕಿ ಅಂತ ಮೊದಲೇ ಹೇಳಬಾರದೇನ್? ಎಂಬತ್ತು ಕೊಡು. ಕೂಡು.'

ಮೇಡಂ ಹೋಗಿ ಅಕ್ಕ ಆಗಿತ್ತು. ಎಸ್‌ವಿಪಿ ಚೌಕ ದಾಟುವವರೆಗೂ ಅವಳು ಅರವತ್ತಕ್ಕೇ ಜಗಳ ಆಡುತ್ತಿದ್ದಳು. ಬೇಕಂತಲೇ.

ಖಣದ ಕುಪ್ಪಸ

ಬೇಕಂತಲೇ! ಅಯ್ಯೋ, ಈ ಒಂದು ಪದಕ್ಕೆ ನನ್ನ ಉಳ್ಳಾಗಡ್ಡಿ ಬುಟ್ಟಿ ಪೂರ್ತಿ ನಿನಗೆ.

ಶಹಾಪುರದ ಟೀಚರ್

'ಎಷ್ಟಾಗುತ್ತೆ' ಅಂತ ಶುರು ಮಾಡಿ 'ಹೊಸಾಕಿ ಅಂತ ತಿಳದೀ ಏನ್' ಅಂತ ತಿರುಗಿದ್ದು ನೋಡಿದೆ. ನನ್ನದು ಇನ್ನೇನೂ ಇಲ್ಲ.

ರೊಟ್ಟಿ ಸದ್ದು

ಚೆನ್ನಾಗಿದೆ. ಆದರೆ ನಮ್ಮ ಕಡೆ 'ಹೋಗ್ತೀನಿ' ಅನ್ನಲ್ಲ, 'ಹೋತೀನಿ'.

ಬೇಳೆ ಬೆಂದಿದೆ

ಓಣಿ ಓಣಿಗೆ ಬೇರೆ ಅಕ್ಕಾ. ನಮ್ಮ ಮನೆಯಲ್ಲೇ ಅಪ್ಪ ಒಂದು ಥರ, ಅವ್ವ ಇನ್ನೊಂದು ಥರ. ಅವ್ವ ಆಳಂದದವಳು.

ಬಿದ್ರಿ ಬಿಡದವ

ಬೀದರ್ ಆಟೋದವನಾಗಿದ್ದರೆ ಮಧ್ಯೆ ಬೇಡ ಅನ್ನಲು ಒಂದು 'ನಕೋ' ಇರುತ್ತಿತ್ತು.

ತಹರಿ ಭಕ್ತ

ಎಂಬತ್ತು ಜಾಸ್ತಿ ಆಯಿತು. ಟಂಟಂ (ಶೇರ್ ಆಟೋ) ಹತ್ತಿದರೆ ಅದರ ಕಾಲು ಭಾಗದಲ್ಲಿ ಹೋಗಬಹುದು.

ರೊಟ್ಟಿ ಸದ್ದು

ಟಂಟಂನಲ್ಲಿ ಹತ್ತು ಜನರ ನಡುವೆ ಯಾವ ಅಧ್ಯಾಯ ಮುಗಿಸ್ತೀರಿ? ಆದರೆ ಎಂಬತ್ತು ಜಾಸ್ತಿ ಅನ್ನೋದು ನಿಜ.

ವಾಡಿ ಜಂಕ್ಷನ್

ರಾತ್ರಿ ರೈಲಾದರೆ ಎಂಬತ್ತು ಸರಿ. ಹಗಲಾದರೆ ಅರವತ್ತು. ರೈಲು ಎಷ್ಟು ಗಂಟೆಗೆ ಬಂತು?

ಬೇಳೆ ಬೆಂದಿದೆ

ರೈಲು ಬಿಡಿ. ದಾಲ್ ಮಿಲ್ ಹುಡುಗ ಎಲ್ಲಿ ಹೋದ? 61 ಕೆಜಿ ಅಂತ ನಾನು ಹೇಳಿದ್ದು ವ್ಯರ್ಥ ಆಯಿತಾ?

ಹಿಂಡಿ ಡಬ್ಬಿ

ಅವನಮ್ಮನನ್ನು ರೈಲು ಹತ್ತಿಸಲು ಬಂದಿದ್ದಾನೆ, ಬೇವಿನ ಗಿಡದ ಕೆಳಗೆ ನಿಂತಿದ್ದಾನೆ. ಅವಳ ಹತ್ತಿರ ಐನೂರರ ನೋಟು ಮಾತ್ರ ಇದೆ. ಆಟೋದವನ ಹತ್ತಿರ ಚಿಲ್ಲರೆ ಇಲ್ಲ.

ವಾಡಿ ಜಂಕ್ಷನ್

ಈ ಕಾಲದಲ್ಲಿ ಚಿಲ್ಲರೆನಾ? ಫೋನ್‌ಪೇ ಮಾಡಲಿ.

ಹಿಂಡಿ ಡಬ್ಬಿ

ಫೋನ್ ಝರಣಿಯಲ್ಲಿ ಬಿತ್ತು.

ಮಂಡ್ಯದ ಬೆಲ್ಲ

ಅಂದ್ರೆ ಹುಡುಗ ಇದ್ದಾನೆ! ನಾನು ಹೇಳಲಿಲ್ವಾ!

ಹಿಂಡಿ ಡಬ್ಬಿ

ಅವನ ಹತ್ತಿರ ಚಿಲ್ಲರೆ ಅದ ಅಂದೆ. ಅಷ್ಟೇ.